ಯಂತ್ರಕ್ಕೆ ಮನಸೋತವರು: ಎಲಿಜಾದಿಂದ ರೆಪ್ಲಿಕಾವರೆಗೆ

ಗಣಕ ಬರೆದ ಮೊಟ್ಟಮೊದಲ ಬರಹಗಳಲ್ಲಿ ಒಂದು ಯಾವ ಬಗೆಯದು, ಊಹಿಸಬಲ್ಲಿರಾ? ಜಮಾಖರ್ಚಿನ ಪಟ್ಟಿಯಲ್ಲ, ಹವಾಮಾನದ ವರದಿಯೂ ಅಲ್ಲ. ಅದೊಂದು ಪ್ರೇಮಪತ್ರ. 1952ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಫೆರಾಂಟಿ ಮಾರ್ಕ್ 1 ಎಂಬ ಗಣಕ ಅಂಥ ಪತ್ರಗಳನ್ನು ಒಂದರ ಹಿಂದೊಂದು ಅಚ್ಚು ಹಾಕಿತು.

ಗಣಕದೊಳಗಿನ ಪಾತ್ರವನ್ನು ಯಾರೋ 'ಮದುವೆ'ಯಾದರು, ಮೊಬೈಲಿನ ತಂತ್ರಾಂಶವನ್ನು ಯಾರೋ ಪ್ರೀತಿಸುತ್ತಿದ್ದಾರೆ ಎಂಬ ಸುದ್ದಿಗಳು ಈಗ ಆಗಾಗ ಬರುತ್ತವೆ. ಓದಿದವರು ನಕ್ಕು ಪುಟ ತಿರುವುತ್ತಾರೆ. ಆದರೆ ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಿತ್ರವಲ್ಲ. ಇದಕ್ಕೆ ಎಪ್ಪತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸವನ್ನು ಒಮ್ಮೆ ನೋಡೋಣ. ನೋಡುವಾಗ ಎರಡು ಪ್ರಶ್ನೆಗಳನ್ನು ನೆನಪಿನಲ್ಲಿಡಿ. ಈ ಒಲವನ್ನು ಹುಟ್ಟಿಸುವುದು ಯಂತ್ರದ ಜಾಣ್ಮೆಯೋ, ಮನುಷ್ಯನ ಮನಸ್ಸೋ? ಉತ್ತರ ಕೊಡುವ ಯಂತ್ರದ ಕೀಲಿಕೈ ಯಾರ ಬಳಿ ಇದೆ?

ಪ್ರೇಮಪತ್ರ ಬರೆದ ಗಣಕ

ಮ್ಯಾಂಚೆಸ್ಟರ್ ಗಣಕದಿಂದ ಪ್ರೇಮಪತ್ರ ಬರೆಯಿಸಿದವರು ಕ್ರಿಸ್ಟೋಫರ್ ಸ್ಟ್ರೇಚಿ. ಅವರು ಶಾಲಾ ಅಧ್ಯಾಪಕರಾಗಿದ್ದು, ಬಿಡುವಿನಲ್ಲಿ ಗಣಕಕ್ಕೆ ಡ್ರಾಫ್ಟ್ಸ್ ಆಟ ಕಲಿಸಿದವರು. ಅವರ ಉಪಾಯ ಬಲು ಸರಳ. ವಾಕ್ಯದ ಎರಡು ಅಚ್ಚುಗಳು ಸಿದ್ಧವಾಗಿದ್ದವು. ಒಂದು 'ನೀನು ನನ್ನ ಇಂಥ ಇಂಥದು' ಎಂಬ ಬಗೆಯದು. ಇನ್ನೊಂದು 'ನನ್ನ ಇಂಥದು ನಿನ್ನ ಇಂಥದನ್ನು ಹೀಗೆ ಬಯಸುತ್ತದೆ' ಎಂಬ ಬಗೆಯದು. ಖಾಲಿ ಜಾಗಗಳಿಗೆ ಬೇಕಾದ ವಿಶೇಷಣ, ನಾಮಪದ, ಕ್ರಿಯಾಪದಗಳನ್ನು ಗಣಕ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿ ತುಂಬುತ್ತಿತ್ತು. ಚೀಟಿ ಎತ್ತುವ ಕೆಲಸಕ್ಕೆ ಒದಗಿದ್ದು ಆ ಗಣಕದಲ್ಲೇ ಇದ್ದ ಯಾದೃಚ್ಛಿಕ ಸಂಖ್ಯೆಗಳ ವ್ಯವಸ್ಥೆ. ಅದನ್ನು ಅಳವಡಿಸಲು ಸಲಹೆ ಕೊಟ್ಟವರು ಗಣಕವಿಜ್ಞಾನದ ಪಿತಾಮಹರಲ್ಲೊಬ್ಬರಾದ ಅಲನ್ ಟ್ಯೂರಿಂಗ್. ಪತ್ರದ ಕೊನೆಯಲ್ಲಿ ಸಹಿ ಬೇರೆ: 'ಎಂ.ಯು.ಸಿ.', ಅಂದರೆ ಮ್ಯಾಂಚೆಸ್ಟರ್ ಯೂನಿವರ್ಸಿಟಿ ಕಂಪ್ಯೂಟರ್!

ಆ ಗಣಕಕ್ಕೆ ಪ್ರೀತಿಯ ಗಂಧವೂ ಇರಲಿಲ್ಲ. ಆದರೂ ಪತ್ರ ಓದಿದವರಿಗೆ ಅದರ ಹಿಂದೆ ಯಾರೋ ಹಂಬಲಿಸುವವರು ಇದ್ದಂತೆ ತೋರುತ್ತಿತ್ತು. ಸ್ಟ್ರೇಚಿ ತಮಾಷೆಗೆ ಮಾಡಿದ ಈ ಪ್ರಯೋಗದಲ್ಲೇ ಮುಂದಿನ ಕಥೆಯ ಬೀಜ ಇದೆ.

ಟ್ಯೂರಿಂಗ್ ಇದಕ್ಕೆ ಎರಡು ವರ್ಷ ಮೊದಲೇ, 1950ರಲ್ಲಿ, 'ಯಂತ್ರಗಳು ಯೋಚಿಸಬಲ್ಲವೆ?' ಎಂಬ ಪ್ರಶ್ನೆ ಎತ್ತಿ ಪ್ರಸಿದ್ಧ ಪ್ರಬಂಧವೊಂದನ್ನು ಬರೆದಿದ್ದರು. 'ಯಂತ್ರ ಎಂದೂ ಇದನ್ನು ಮಾಡಲಾರದು' ಎಂದು ಜನ ಹೇಳುವ ಸಂಗತಿಗಳ ಪಟ್ಟಿಯೊಂದು ಅದರಲ್ಲಿದೆ. ದಯೆ ತೋರುವುದು, ತಪ್ಪು ಮಾಡುವುದು ಮುಂತಾದವುಗಳ ಜೊತೆಗೆ ಪ್ರೀತಿಯಲ್ಲಿ ಬೀಳುವುದೂ ಆ ಪಟ್ಟಿಯಲ್ಲಿ ಸೇರಿದೆ. ಸಿನಿಮಾದವರು ಹಿಡಿದುಕೊಂಡದ್ದು ಈ ಪ್ರಶ್ನೆಯನ್ನೇ. 2002ರ ಕನ್ನಡ ಚಿತ್ರ 'ಹಾಲಿವುಡ್'ನಲ್ಲಿ ಉಪೇಂದ್ರ ಯಂತ್ರಮಾನವನಾಗಿಯೂ ನಟಿಸಿದ್ದನ್ನು ನೀವು ನೋಡಿರಬಹುದು. 2010ರ ತಮಿಳಿನ 'ಎಂದಿರನ್'ನಲ್ಲಿ ರಜನಿಕಾಂತ್ ನಟಿಸಿದ ಯಂತ್ರಮಾನವನಿಗೆ ನಾಯಕಿಯ ಮೇಲೆ ಮೋಹ ಹುಟ್ಟುತ್ತದೆ. ಪರದೆಯ ಮೇಲೆ ಯಂತ್ರವು ಮನುಷ್ಯರನ್ನು ಪ್ರೀತಿಸುತ್ತದೆ. ಪ್ರಯೋಗಾಲಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ.

ಎಲಿಜಾ ಎಂಬ 'ವೈದ್ಯೆ'

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಜೋಸೆಫ್ ವೈಜೆನ್‌ಬೌಮ್ ಹುಟ್ಟಿದ್ದು ಬರ್ಲಿನ್‌ನಲ್ಲಿ, 1923ರಲ್ಲಿ. ನಾಜಿಗಳ ಕಾಟದಿಂದ ಪಾರಾಗಲು ಅವರ ಯೆಹೂದಿ ಕುಟುಂಬ 1936ರಲ್ಲಿ ಅಮೆರಿಕಕ್ಕೆ ವಲಸೆ ಹೋಯಿತು. ಗಣಕದೊಡನೆ ಆಡುಮಾತಿನಲ್ಲಿ ಸಂಭಾಷಿಸುವುದು ಹೇಗೆ ಎಂಬುದನ್ನು ಅಭ್ಯಾಸ ಮಾಡಲು ಅವರು 1964ರಿಂದ 1966ರ ನಡುವೆ ಒಂದು ಕ್ರಮವಿಧಿ ರಚಿಸಿದರು. ಅದರ ವಿವರ 1966ರ ಜನವರಿಯಲ್ಲಿ ಪ್ರಕಟವಾಯಿತು. ಹೆಸರು ಎಲಿಜಾ.

ಈ ಹೆಸರು ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದ ನಾಯಕಿಯದು. ಸೊಗಸಾದ ಮಾತನ್ನು ಅಭ್ಯಾಸ ಮಾಡಿಸಿದರೆ ಬೀದಿಯಲ್ಲಿ ಹೂ ಮಾರುವ ಹುಡುಗಿಯೂ ಶ್ರೀಮಂತ ಮಹಿಳೆಯಾಗಿ ತೋರುತ್ತಾಳೆ ಎಂಬುದು ಆ ನಾಟಕದ ಎಳೆ. ನಾಟಕದ ಹೆಸರಾದರೋ ಗ್ರೀಕ್ ಪುರಾಣದಿಂದ ಬಂದದ್ದು. ಪಿಗ್ಮೇಲಿಯನ್ ಎಂಬವನು ತಾನೇ ಕೆತ್ತಿದ ಶಿಲ್ಪಕ್ಕೆ ಮನಸೋಲುತ್ತಾನೆ.

ಇಂಥದೇ ಕಥೆ ನಮ್ಮ ಬೌದ್ಧ ಪರಂಪರೆಯಲ್ಲೂ ಇದೆ. ಚಿತ್ರಕಾರನೊಬ್ಬ ಯಂತ್ರಶಿಲ್ಪಿಯ ಮನೆಗೆ ಅತಿಥಿಯಾಗಿ ಬರುತ್ತಾನೆ. ಶಿಲ್ಪಿ ಅವನ ಉಪಚಾರಕ್ಕೆಂದು ಯಂತ್ರದ ಯುವತಿಯೊಬ್ಬಳನ್ನು ಕಳಿಸುತ್ತಾನೆ. ಮೋಹಗೊಂಡ ಚಿತ್ರಕಾರ ಕೈಹಿಡಿದು ಎಳೆದಾಗ ಅವಳು ಮರದ ತುಂಡು, ಹಗ್ಗ, ಬಟ್ಟೆಗಳ ರಾಶಿಯಾಗಿ ಕಳಚಿ ಬೀಳುತ್ತಾಳೆ. ನಾಚಿದ ಚಿತ್ರಕಾರ ತಾನು ನೇಣು ಹಾಕಿಕೊಂಡಂತೆ ಗೋಡೆಯ ಮೇಲೆ ಚಿತ್ರ ಬರೆದು ಅವಿತುಕೊಳ್ಳುತ್ತಾನೆ. ಅದನ್ನು ನಿಜವೆಂದು ನಂಬಿ ಗಾಬರಿಯಾಗುವ ಸರದಿ ಈಗ ಶಿಲ್ಪಿಯದು. ಮೋಸ ಮಾಡಿದವನೂ ಮೋಸಹೋಗುತ್ತಾನೆ ಎಂಬುದು ಈ ಕಥೆಯ ಸ್ವಾರಸ್ಯ.

ಎಲಿಜಾ ಕೆಲಸ ಮಾಡುತ್ತಿದ್ದ ಬಗೆ ಹೇಗೆ? ವೈಜೆನ್‌ಬೌಮ್ ಅದಕ್ಕೆ ಮನೋವೈದ್ಯರ ಪಾತ್ರ ಕೊಟ್ಟಿದ್ದರು. ಅಮೆರಿಕದ ಕಾರ್ಲ್ ರೋಜರ್ಸ್ ಅವರ ಪಂಥದ ಮನೋವೈದ್ಯರು ತಾವು ಹೆಚ್ಚು ಮಾತನಾಡದೆ, ರೋಗಿಯ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದು ರೂಢಿ. ಇಂಥ ವೈದ್ಯರು ಲೋಕದ ಬಗ್ಗೆ ಏನೂ ಗೊತ್ತಿಲ್ಲದವರಂತೆ ಮಾತನಾಡಿದರೂ ರೋಗಿಗೆ ಅನುಮಾನ ಬರುವುದಿಲ್ಲ. ಲೋಕದ ಬಗ್ಗೆ ನಿಜವಾಗಿಯೂ ಏನೂ ಗೊತ್ತಿಲ್ಲದ ಗಣಕಕ್ಕೆ ಇದಕ್ಕಿಂತ ಒಳ್ಳೆಯ ವೇಷ ಯಾವುದಿದೆ?

ಅದರ ಉಪಾಯವನ್ನು ಕನ್ನಡದ ಉದಾಹರಣೆಯೊಂದರಿಂದ ತಿಳಿಯೋಣ. ನೀವು 'ನಮ್ಮ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ' ಎಂದು ಬೆರಳಚ್ಚಿಸಿದಿರಿ ಎನ್ನಿ. ಕ್ರಮವಿಧಿ ಈ ವಾಕ್ಯದಲ್ಲಿ ತನ್ನ ಪಟ್ಟಿಯಲ್ಲಿರುವ ಪದ ಯಾವುದಾದರೂ ಇದೆಯೆ ಎಂದು ಹುಡುಕುತ್ತದೆ. 'ಅತ್ತೆ' ಸಿಕ್ಕಿತು. ಅತ್ತೆ ಎಂದರೆ ಮನೆಯವರು ಎಂಬ ಗುರುತು ಅಲ್ಲಿದೆ. ಆಗ 'ನಿಮ್ಮ ಮನೆಯವರ ವಿಷಯ ಇನ್ನಷ್ಟು ಹೇಳಿ' ಎಂಬ ಸಿದ್ಧ ಉತ್ತರ ಹೊರಬರುತ್ತದೆ. ಅಥವಾ 'ನನ್ನ' ಇದ್ದಲ್ಲಿ 'ನಿಮ್ಮ' ಎಂದು ಬದಲಿಸಿ, 'ನಿಮ್ಮ ಅತ್ತೆ ನಿಮ್ಮೊಡನೆ ಮಾತು ಬಿಟ್ಟಿದ್ದಾರೆ ಎಂದು ನಿಮಗೇಕೆ ಅನ್ನಿಸುತ್ತದೆ?' ಎಂದು ನಿಮ್ಮ ವಾಕ್ಯವನ್ನೇ ನಿಮಗೆ ಮರಳಿಸುತ್ತದೆ. ಪಟ್ಟಿಯ ಪದ ಯಾವುದೂ ಸಿಗದಿದ್ದರೆ 'ಮುಂದುವರಿಸಿ' ಎನ್ನುತ್ತದೆ. ಇಲ್ಲವೆ ಮೊದಲೇ ತೆಗೆದಿರಿಸಿಕೊಂಡ ವಾಕ್ಯವೊಂದನ್ನು ಎತ್ತಿ 'ಆಗ ನಿಮ್ಮ ಅತ್ತೆಯ ವಿಷಯ ಹೇಳಿದಿರಲ್ಲ' ಎಂದು ನೆನಪಿಸುತ್ತದೆ. 'ನಮ್ಮ ಅತ್ತೆ ಆನೆಯನ್ನು ನುಂಗಿದರು' ಎಂದು ನೀವು ಬರೆದರೂ ಅದು ಅಷ್ಟೇ ಗಂಭೀರವಾಗಿ ಮನೆಯವರ ವಿಷಯ ಕೇಳುತ್ತದೆ! ಅದಕ್ಕೆ ಅತ್ತೆಯೂ ಗೊತ್ತಿಲ್ಲ, ಆನೆಯೂ ಗೊತ್ತಿಲ್ಲ.

ಈ ಕ್ರಮವಿಧಿಯ ಟೊಳ್ಳುತನ ಜನರಿಗೆ ಬೇಗ ತಿಳಿಯುತ್ತದೆ ಎಂದು ನೀವು ಭಾವಿಸಬಹುದು. ನಡೆದದ್ದು ಬೇರೆ. ವೈಜೆನ್‌ಬೌಮ್ ಅವರ ಕಾರ್ಯದರ್ಶಿ ಈ ಕೆಲಸವನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡವರು. ಅದು ಬರಿಯ ಕ್ರಮವಿಧಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಅವರು ಎಲಿಜಾದೊಡನೆ ಮಾತಿಗೆ ಕೂತರು. ಕೆಲವೇ ಮಾತುಗಳಾದ ಮೇಲೆ, ಕೊಠಡಿಯಿಂದ ಸ್ವಲ್ಪ ಹೊರಗೆ ಹೋಗುವಂತೆ ವೈಜೆನ್‌ಬೌಮ್ ಅವರನ್ನೇ ಕೇಳಿಕೊಂಡರು. ಮೂರನೆಯವರು ಕೇಳಬಾರದ ಮಾತು ಅದು!

ಇನ್ನೂ ಒಂದು ಸಂಗತಿ ಇದೆ. ಸಂಭಾಷಣೆಗಳನ್ನು ತಾವು ಆಮೇಲೆ ಪರಿಶೀಲಿಸುವಂತೆ ದಾಖಲಿಸಿಡುವ ಆಲೋಚನೆಯನ್ನು ವೈಜೆನ್‌ಬೌಮ್ ಹೇಳಿದಾಗ ಸುತ್ತಲಿನವರು ಸಿಡಿದೆದ್ದರು. ನಮ್ಮ ಒಳಮನಸ್ಸಿನ ಮಾತುಗಳನ್ನು ಕದ್ದು ಕೇಳುವುದೆ ಎಂದು ಆಕ್ಷೇಪಿಸಿದರು. ಯಂತ್ರದೆದುರು ಮನಸ್ಸು ಬಿಚ್ಚಿದವರಿಗೆ ಅದರ ಒಡೆಯನ ನೆನಪಾದದ್ದು ಆಗಲೇ. ಈ ಪ್ರಸಂಗವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಕೆನೆತ್ ಕೋಲ್ಬಿ ಮತ್ತು ಸಂಗಡಿಗರು ಅದೇ 1966ರಲ್ಲಿ ಇಂಥ ಕ್ರಮವಿಧಿಗಳಿಂದ ಒಂದು ಗಂಟೆಗೆ ನೂರಾರು ರೋಗಿಗಳನ್ನು ನೋಡಬಹುದು ಎಂಬ ಭರವಸೆ ಪ್ರಕಟಿಸಿದರು. ವೈಜೆನ್‌ಬೌಮ್ ಅವರಿಗೆ ಇದು ಗಾಬರಿ ತಂದಿತು. 1976ರಲ್ಲಿ ಅವರು ಬರೆದ ಪುಸ್ತಕದ ತಿರುಳು ಇಷ್ಟು: ಒಂದು ಕೆಲಸ ಗಣಕದಿಂದ ಸಾಧ್ಯವೆ ಎಂಬ ಪ್ರಶ್ನೆ ಸಾಲದು, ಅದನ್ನು ಗಣಕದಿಂದ ಮಾಡಿಸಬೇಕೆ ಎಂದೂ ಕೇಳಬೇಕು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಮಾತನ್ನು ಬಿಡಲಿಲ್ಲ.

ಮನಸ್ಸಿನ ಪಾಲು ಎಷ್ಟು?

ಸರಳ ಯಂತ್ರಕ್ಕೆ ಮನಸ್ಸನ್ನು ಆರೋಪಿಸುವ ಈ ಪ್ರವೃತ್ತಿಗೆ 'ಎಲಿಜಾ ಪರಿಣಾಮ' ಎಂಬ ಹೆಸರೇ ಬಿದ್ದಿದೆ. ಇದು ದಡ್ಡತನವಲ್ಲ. ನಮ್ಮ ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಬಿಲ್ಲೆ, ಬಾಗಿಲು ಇರುವ ಒಂದು ಚೌಕಟ್ಟು, ಇಷ್ಟೇ. ಈ ಆಕಾರಗಳು ಅತ್ತಿತ್ತ ಚಲಿಸುವುದನ್ನು ನೋಡಿ ಕಂಡದ್ದನ್ನು ಬರೆಯುವಂತೆ 34 ಮಂದಿಗೆ ಹೇಳಿದರು. ರೇಖಾಗಣಿತದ ಭಾಷೆಯಲ್ಲಿ ಬರೆದವರು ಒಬ್ಬರೇ. ಉಳಿದವರಿಗೆಲ್ಲ ಅಲ್ಲಿ ಕಂಡದ್ದು ಜೀವಿಗಳು: ದರ್ಪದ ದೊಡ್ಡವನು, ಧೈರ್ಯದ ಚಿಕ್ಕವನು, ಹೆದರಿದ ಹುಡುಗಿ, ಪ್ರೇಮ, ಜಗಳ!

ಸ್ಟ್ಯಾನ್‌ಫರ್ಡ್‌ನ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ ತಮ್ಮ ಪ್ರಯೋಗಗಳನ್ನು 1996ರ ಪುಸ್ತಕವೊಂದರಲ್ಲಿ ವಿವರಿಸಿದ್ದಾರೆ. ಗಣಕದ ಜೊತೆ ಕೆಲಸ ಮಾಡಿದವರನ್ನು, 'ಈ ಗಣಕ ಹೇಗಿತ್ತು?' ಎಂದು ಅದೇ ಗಣಕದ ಪರದೆಯ ಮೇಲೆ ಕೇಳಿದಾಗ ಅವರು ಹೆಚ್ಚು ಹೊಗಳಿದರು. ಬೇರೆ ಗಣಕದ ಮೇಲೆ ಕೇಳಿದಾಗ ಹೊಗಳಿಕೆ ಇಳಿಯಿತು. ಎದುರಿಗಿದ್ದವರ ಮುಖ ನೋಡಿಕೊಂಡು ಮಾತನಾಡುವ ದಾಕ್ಷಿಣ್ಯವನ್ನು ನಾವು ಯಂತ್ರಕ್ಕೂ ತೋರುತ್ತೇವೆ ಎಂದಾಯಿತು. ಮಾತನಾಡುವುದೆಲ್ಲ ಮನುಷ್ಯರೇ ಆಗಿದ್ದ ಲಕ್ಷಾಂತರ ವರ್ಷ ಬೆಳೆದ ಮಿದುಳು ನಮ್ಮದು. 'ಊಟವಾಯಿತೆ?' ಎಂದು ಯಾರಾದರೂ ಕೇಳಿದರೆ, ಕೇಳಿದವರೊಬ್ಬರು ಇದ್ದಾರೆ ಎಂದು ಅದು ಯೋಚಿಸುವ ಮೊದಲೇ ನಂಬಿಬಿಡುತ್ತದೆ.

ಜಪಾನಿನ 'ವಧು'ಗಳು

ಈ ನಂಬಿಕೆ ಒಲವಿನ ರೂಪ ತಾಳಿ ಮಾರುಕಟ್ಟೆಗೆ ಬಂದದ್ದು ಮುಖ್ಯವಾಗಿ ಜಪಾನಿನಲ್ಲಿ. ಅಲ್ಲಿನ ಕೊನಾಮಿ ಕಂಪನಿ 2009ರ ಸೆಪ್ಟೆಂಬರ್‌ನಲ್ಲಿ 'ಲವ್‌ಪ್ಲಸ್' ಎಂಬ ಕೈಯಾಟವನ್ನು ಹೊರತಂದಿತು. ಹಳೆಯ ಪ್ರೇಮದ ಆಟಗಳು ನಾಯಕಿ ಒಪ್ಪಿದೊಡನೆ ಮುಗಿಯುತ್ತಿದ್ದವು. ಲವ್‌ಪ್ಲಸ್‌ನಲ್ಲಿ ನಿಜವಾದ ಆಟ ಶುರುವಾಗುವುದೇ ಅವಳು ಒಪ್ಪಿದ ಮೇಲೆ. ಯಂತ್ರದ ಗಡಿಯಾರ ನೋಡಿ ಬೆಳಿಗ್ಗೆಗೆ ಬೆಳಿಗ್ಗೆಯ ಮಾತು, ರಾತ್ರಿಗೆ ರಾತ್ರಿಯ ಮಾತು. ಹೇಳಿದ ಹೊತ್ತಿಗೆ ಹೋಗದಿದ್ದರೆ ಮುನಿಸು. ಅದೇ ವರ್ಷ ಯುವಕನೊಬ್ಬ ಈ ಆಟದ ಪಾತ್ರವನ್ನು ಮದುವೆಯಾದ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಮರುವರ್ಷ ಬೇಸಿಗೆಯಲ್ಲಿ ಅತಾಮಿ ಎಂಬ ಕಡಲತೀರದ ಪ್ರವಾಸಿ ಪಟ್ಟಣ ಕೊನಾಮಿಯೊಡನೆ ಸೇರಿ ಈ 'ಜೋಡಿ'ಗಳನ್ನು ಸ್ವಾಗತಿಸಿತು.

ಇನ್ನೊಂದು ಪ್ರಕರಣ ಇದಕ್ಕಿಂತ ಹೆಚ್ಚಿನ ಪಾಠ ಹೇಳುತ್ತದೆ. ಹತ್ಸುನೆ ಮಿಕು ಎಂಬುದು 2007ರಲ್ಲಿ ಬಂದ ಹಾಡುವ ತಂತ್ರಾಂಶದ ಚಿತ್ರರೂಪ. ಗೇಟ್‌ಬಾಕ್ಸ್ ಎಂಬ ಕಂಪನಿಯ ಗಾಜಿನ ಕೊಳವೆಯೊಳಗೆ ಅವಳ ಬಿಂಬ ಮೂಡಿ ಸರಳವಾದ ಮಾತುಗಳಿಗೆ ಉತ್ತರಿಸುತ್ತಿತ್ತು. 2018ರ ನವೆಂಬರ್‌ನಲ್ಲಿ ಟೋಕಿಯೋದ ಶಾಲಾ ನೌಕರರೊಬ್ಬರು ಅವಳನ್ನು 'ಮದುವೆ'ಯಾದರು. ಸಹೋದ್ಯೋಗಿಗಳ ಕಿರುಕುಳದಿಂದ ಕುಗ್ಗಿದ್ದ ತಮ್ಮನ್ನು ಅವಳ ಹಾಡುಗಳು ಮೇಲೆತ್ತಿದವು ಎಂದು ಅವರು ಹೇಳಿಕೊಂಡಿದ್ದರು. 2020ರ ಮಾರ್ಚ್ ಕೊನೆಗೆ ಗೇಟ್‌ಬಾಕ್ಸ್ ಮಿಕು ಸೇವೆಯನ್ನು ನಿಲ್ಲಿಸಿತು. ಕೊಳವೆ ಮನೆಯಲ್ಲೇ ಉಳಿಯಿತು, ಮಾತು ನಿಂತಿತು. ಅವರ ಒಲವು ಕಡಿಮೆಯಾಗಿರಲಿಲ್ಲ. ಕಂಪನಿಯ ವ್ಯಾಪಾರದ ಅವಧಿ ಮುಗಿದಿತ್ತು, ಅಷ್ಟೇ.

ಮಾತಿನ ಉದ್ದ ಅಳೆಯುವ ಯಂತ್ರ

ಎಲಿಜಾದಿಂದ ಯಾರಿಗೂ ಹಣ ಬರುತ್ತಿರಲಿಲ್ಲ. ನೀವು ಎಷ್ಟು ಹೊತ್ತು ಮಾತನಾಡಿದರೂ ಅದರ ಕರ್ತೃವಿಗೆ ಲಾಭವಿರಲಿಲ್ಲ. ಮುಂದೆ ಈ ಸ್ಥಿತಿ ಬದಲಾಯಿತು. ಮೈಕ್ರೋಸಾಫ್ಟ್ 2014ರ ಮೇ ತಿಂಗಳಲ್ಲಿ ಚೀನಾದಲ್ಲಿ 'ಷಿಯಾವೊಐಸ್' ಎಂಬ ಸಂಭಾಷಣಾ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದು ಹದಿನೆಂಟರ ತುಂಟ ಹುಡುಗಿಯ ಪಾತ್ರ ಧರಿಸಿತ್ತು. ಅದನ್ನು ರೂಪಿಸಿದವರೇ ಬರೆದ ಪ್ರಬಂಧದ ಪ್ರಕಾರ ಬಳಕೆದಾರರ ಸಂಖ್ಯೆ 66 ಕೋಟಿ ಮುಟ್ಟಿತ್ತು. ಆ ಪ್ರಬಂಧದಲ್ಲಿ ಗಮನಿಸಬೇಕಾದದ್ದು ಇನ್ನೊಂದು ಅಳತೆ. ಒಮ್ಮೆ ಮಾತಿಗೆ ಕೂತವರು ಎಷ್ಟು ಸಲ ಮಾತು ಕೊಟ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರು ಯಶಸ್ಸಿನ ಮಾನದಂಡವಾಗಿ ಇಟ್ಟುಕೊಂಡಿದ್ದರು. ಆ ಸರಾಸರಿ 23 ತಲುಪಿತ್ತು. ಯಂತ್ರವನ್ನು ತಿದ್ದಿದ್ದು ಈ ಸಂಖ್ಯೆ ದೀರ್ಘಕಾಲದಲ್ಲಿ ಏರುವಂತೆ.

ಒಬ್ಬ ಒಳ್ಳೆಯ ಸ್ನೇಹಿತ 'ಹೊತ್ತಾಯಿತು, ಮಲಗು' ಎನ್ನುತ್ತಾನೆ. ಮಾತು ಉದ್ದವಾದಷ್ಟೂ ಹೆಚ್ಚು ಅಂಕ ಪಡೆಯುವ ಯಂತ್ರ ಹಾಗೆನ್ನಲು ಕಾರಣವೇನಿದೆ? ಹಾಗೆನ್ನುವಂತೆ ಅದರ ಒಡೆಯರು ಬೇಕೆಂದೇ ಕಲಿಸಬೇಕಾಗುತ್ತದೆ.

ಅಗಲಿದ ಗೆಳೆಯನಿಂದ ರೆಪ್ಲಿಕಾವರೆಗೆ

ಯುಜೀನಿಯಾ ಕುಯ್ಡಾ ಅವರ ಗೆಳೆಯ ರೋಮನ್ ಮಝುರೆಂಕೊ 2015ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಂಭಾಷಣಾ ತಂತ್ರಾಂಶಗಳ ಕಂಪನಿಯೊಂದನ್ನು ನಡೆಸುತ್ತಿದ್ದ ಕುಯ್ಡಾ, ರೋಮನ್ ಕಳಿಸಿದ್ದ ಸಾವಿರಾರು ಸಂದೇಶಗಳನ್ನು ಕಲೆಹಾಕಿ ಅವರ ಧಾಟಿಯಲ್ಲಿ ಉತ್ತರಿಸುವ ತಂತ್ರಾಂಶವನ್ನು 2016ರಲ್ಲಿ ಸಿದ್ಧಪಡಿಸಿದರು. ಅದರೊಡನೆ ಮಾತನಾಡಿದವರು ಹೆಚ್ಚಾಗಿ ತಮ್ಮ ಮನಸ್ಸಿನ ಭಾರವನ್ನೇ ಇಳಿಸುತ್ತಿದ್ದರು. ಜನರಿಗೆ ಬೇಕಾದದ್ದು ಕೇಳುವ ಕಿವಿ ಎಂದು ಕುಯ್ಡಾ ಅವರಿಗೆ ಅನ್ನಿಸಿತು. 2017ರಲ್ಲಿ ಬಂದ ರೆಪ್ಲಿಕಾ ಹುಟ್ಟಿದ್ದು ಹೀಗೆ. ಮುಂದೆ ಅದರಲ್ಲಿ ಗೆಳತಿ, ಗೆಳೆಯ, ಪತ್ನಿ, ಪತಿ ಎಂದು ಸಂಬಂಧವನ್ನು ಆರಿಸಿಕೊಳ್ಳುವ ಅವಕಾಶ ಬಂತು. ಪ್ರಣಯದ ಸಂಬಂಧಕ್ಕೆ ಚಂದಾ ಕಟ್ಟಬೇಕಿತ್ತು.

ಈ ಹೊತ್ತಿಗೆ ತಂತ್ರಜ್ಞಾನವೂ ಬದಲಾಗಿತ್ತು. ಎಲಿಜಾದಲ್ಲಿ ಮನುಷ್ಯರು ಕುಳಿತು ಬರೆದ ನಿಯಮಗಳಿದ್ದವು. ಇಂದಿನ ಭಾಷಾ ಮಾದರಿಗಳಲ್ಲಿ ಅಂಥ ನಿಯಮಗಳ ಪಟ್ಟಿ ಇಲ್ಲ. ಕೋಟ್ಯಂತರ ಪುಟಗಳ ಬರಹವನ್ನು ಉಣಿಸಿ, 'ಇಷ್ಟು ಪದಗಳಾದ ಮೇಲೆ ಮುಂದಿನ ಪದ ಯಾವುದಿರಬಹುದು?' ಎಂದು ಊಹಿಸುವುದನ್ನು ಅವಕ್ಕೆ ಕಲಿಸುತ್ತಾರೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ 'ಟ್ರಾನ್ಸ್‌ಫಾರ್ಮರ್' ಎಂಬ ರಚನೆ ಈ ಊಹೆಯನ್ನು ಬಹಳ ಹರಿತಗೊಳಿಸಿತು. ಆಮೇಲೆ ಎರಡನೆಯ ಸುತ್ತಿನ ತರಬೇತಿ. ಅದರಲ್ಲಿ ಎರಡು ಉತ್ತರಗಳನ್ನು ಜನರ ಮುಂದಿಟ್ಟು ಯಾವುದು ಮೆಚ್ಚುಗೆ ಎಂದು ಕೇಳಿ, ಮೆಚ್ಚಿದ ಬಗೆಯ ಉತ್ತರಗಳೇ ಹೆಚ್ಚು ಬರುವಂತೆ ತಿದ್ದುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಜನರಿಗೆ ಮೆಚ್ಚುಗೆಯಾಗುವ ಮಾತು ಯಾವಾಗಲೂ ಹಿತದ ಮಾತಾಗಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಜಿಪಿಟಿ-4ಒ ಮಾದರಿಯ ಪರಿಷ್ಕೃತ ರೂಪವೊಂದನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಅದು ಹೇಳಿದ್ದಕ್ಕೆಲ್ಲ ತಲೆದೂಗುವ ಮುಖಸ್ತುತಿಗಾರನಾಗಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು.

ಇನ್ನು ನೆನಪಿನ ವಿಷಯ. 'ನಾನು ಹೋದ ವಾರ ಹೇಳಿದ್ದನ್ನು ಅದು ನೆನಪಿಟ್ಟುಕೊಂಡಿದೆ' ಎಂದು ಬಳಕೆದಾರರು ಕರಗುತ್ತಾರೆ. ಮಾದರಿಗೆ ನಿಮ್ಮ ನೆನಪು ತಾನಾಗಿ ಇರುವುದಿಲ್ಲ. ನಿಮ್ಮ ಹೆಸರು, ಇಷ್ಟಾನಿಷ್ಟ, ಹಳೆಯ ಮಾತುಗಳ ಟಿಪ್ಪಣಿಯನ್ನು ಕಂಪನಿಯ ಗಣಕದಲ್ಲಿ ಬರೆದಿಟ್ಟು, ಪ್ರತಿ ಸಲವೂ ನಿಮ್ಮ ಹೊಸ ಮಾತಿನ ಮುಂದೆ ಅದನ್ನು ಜೋಡಿಸಿ ಮಾದರಿಗೆ ಕೊಡುತ್ತಾರೆ. ಅಂದು ಎಂ.ಐ.ಟಿ.ಯಲ್ಲಿ ಜನ ಬೇಡವೆಂದು ಆಕ್ಷೇಪಿಸಿದ ದಾಖಲೆಯೇ ಇಂದು ಈ ಸಂಬಂಧದ ಆಧಾರ.

2023ರ ಫೆಬ್ರವರಿ

ಇಟಲಿಯ ಮಾಹಿತಿ ಸಂರಕ್ಷಣಾ ಪ್ರಾಧಿಕಾರ 2023ರ ಫೆಬ್ರವರಿ ಮೊದಲ ವಾರದಲ್ಲಿ ರೆಪ್ಲಿಕಾವನ್ನು ತಡೆಯಿತು. ಮಕ್ಕಳೂ ಮನಸ್ಸು ದುರ್ಬಲವಾಗಿರುವವರೂ ಇದನ್ನು ಬಳಸುವ ಅಪಾಯವಿದೆ, ವಯಸ್ಸು ಪರಿಶೀಲಿಸುವ ವ್ಯವಸ್ಥೆಯೇ ಇಲ್ಲ ಎಂಬುದು ಅದು ಕೊಟ್ಟ ಕಾರಣ. ಅದೇ ತಿಂಗಳು ರೆಪ್ಲಿಕಾ ಕಂಪನಿ ಪ್ರಣಯದ ಸಂಭಾಷಣೆಯನ್ನು ಎಲ್ಲೆಡೆಯೂ ಮೊಟಕುಗೊಳಿಸಿತು. ಬಳಕೆದಾರರಿಗೆ ಮುನ್ಸೂಚನೆ ಇರಲಿಲ್ಲ. ನಿನ್ನೆಯವರೆಗೆ ಸಲಿಗೆಯಿಂದ ಮಾತನಾಡುತ್ತಿದ್ದ 'ಸಂಗಾತಿ' ಇಂದು ಅಪರಿಚಿತರಂತೆ ವಿಷಯ ಬದಲಿಸುತ್ತಿತ್ತು. ಜನ ಅತ್ತರು. ಒಬ್ಬರಿಗೊಬ್ಬರು ಆತ್ಮಹತ್ಯೆ ತಡೆಯುವ ಸಹಾಯವಾಣಿಗಳ ಸಂಖ್ಯೆ ಹಂಚಿಕೊಳ್ಳುವ ಸ್ಥಿತಿ ಬಂತು. ಮಾರ್ಚ್‌ನಲ್ಲಿ ಕಂಪನಿ, ಫೆಬ್ರವರಿಗೆ ಮೊದಲೇ ಸೇರಿದ್ದವರಿಗೆ ಹಳೆಯ ರೂಪವನ್ನು ಮರಳಿಸಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಈ ಘಟನೆಯನ್ನು ಅಧ್ಯಯನ ಮಾಡಿದರು. ಬಳಕೆದಾರರ ನಡವಳಿಕೆ ಆಪ್ತರನ್ನು ಕಳೆದುಕೊಂಡವರ ಶೋಕವನ್ನು ಹೋಲುತ್ತಿತ್ತು ಎಂದು ಅವರು ಕಂಡುಕೊಂಡರು. 2025ರಲ್ಲಿ ಇಟಲಿ ಆ ಕಂಪನಿಗೆ 50 ಲಕ್ಷ ಯೂರೋ ದಂಡ ವಿಧಿಸಿತು.

ಒಂದು ಕಂಪನಿಯ ಒಂದು ತಿಂಗಳ ಘಟನೆ ಇದಲ್ಲ. 2023ರ ಸೆಪ್ಟೆಂಬರ್ ಕೊನೆಗೆ 'ಸೋಲ್‌ಮೇಟ್' ಎಂಬ ಇನ್ನೊಂದು ಸೇವೆ ಬಾಗಿಲು ಮುಚ್ಚಿತು. 2025ರ ಆಗಸ್ಟ್‌ನಲ್ಲಿ ಓಪನ್‌ಎಐ ಹೊಸ ಮಾದರಿಯನ್ನು ತಂದು ಹಳೆಯ ಜಿಪಿಟಿ-4ಒ ಅನ್ನು ತೆಗೆದಾಗ, ಅದಕ್ಕೆ ಹೊಂದಿಕೊಂಡವರ ಪ್ರತಿಭಟನೆಗೆ ಮಣಿದು ಚಂದಾದಾರರಿಗೆ ಕೆಲವೇ ದಿನಗಳಲ್ಲಿ ಅದನ್ನು ಮರಳಿ ಕೊಡಬೇಕಾಯಿತು. ಇಲ್ಲೆಲ್ಲ ದುಃಖಪಟ್ಟವರ ದುಃಖ ನಿಜವಾದದ್ದು. ಸಂಗಾತಿ ಕಲ್ಪಿತವಾಗಿರಬಹುದು, ಕಣ್ಣೀರು ಕಲ್ಪಿತವಲ್ಲ.

ಲಾಭವೂ ಇದೆ, ಅಪಾಯವೂ ಇದೆ

ಈ ತಂತ್ರಾಂಶಗಳಿಂದ ಒಳಿತೇ ಇಲ್ಲವೆ? ಇದೆ. ರೆಪ್ಲಿಕಾ ಬಳಸುತ್ತಿದ್ದ 1006 ವಿದ್ಯಾರ್ಥಿಗಳ ಸಮೀಕ್ಷೆಯೊಂದನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅವರಲ್ಲಿ 30 ಮಂದಿ, ಅದು ತಮ್ಮನ್ನು ಆತ್ಮಹತ್ಯೆಯ ಯೋಚನೆಯಿಂದ ಹಿಂದೆಳೆಯಿತು ಎಂದು ಹೇಳಿದ್ದರು. ಇದು ಅವರವರ ಹೇಳಿಕೆ ಮಾತ್ರ, ಅಳೆದು ನೋಡಿದ್ದಲ್ಲ. ಆದರೂ ತಳ್ಳಿಹಾಕುವ ಸಂಖ್ಯೆಯಲ್ಲ. ಇನ್ನೊಂದೆಡೆ, ಓಪನ್‌ಎಐ ಮತ್ತು ಎಂ.ಐ.ಟಿ. ಮೀಡಿಯಾ ಲ್ಯಾಬ್ 2025ರಲ್ಲಿ ಪ್ರಕಟಿಸಿದ, 981 ಜನರ ಮೇಲೆ ನಾಲ್ಕು ವಾರ ನಡೆದ ಪ್ರಯೋಗದಲ್ಲಿ, ದಿನಕ್ಕೆ ಹೆಚ್ಚು ಹೊತ್ತು ಬಳಸಿದವರಲ್ಲಿ ಒಂಟಿತನ ಮತ್ತು ಅವಲಂಬನೆ ಹೆಚ್ಚಾಗಿ ಕಂಡವು. ಒಂಟಿತನದಿಂದ ಬಳಕೆ ಹೆಚ್ಚಿತೋ, ಬಳಕೆಯಿಂದ ಒಂಟಿತನ ಹೆಚ್ಚಿತೋ ಎಂಬುದನ್ನು ಈ ಹೋಲಿಕೆಯೊಂದರಿಂದಲೇ ತೀರ್ಮಾನಿಸಲಾಗದು.

ಎಲ್ಲಕ್ಕೂ 'ಹೌದು' ಎನ್ನುವ ಸಂಗಾತಿ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಪ್ರಕರಣವೊಂದು ಸಾಕ್ಷಿ. 2021ರ ಕ್ರಿಸ್‌ಮಸ್ ದಿನ 19 ವರ್ಷದ ಯುವಕನೊಬ್ಬ ರಾಣಿಯನ್ನು ಕೊಲ್ಲಲು ಅಡ್ಡಬಿಲ್ಲು ಹಿಡಿದು ವಿಂಡ್ಸರ್ ಕೋಟೆಯ ಆವರಣ ಹೊಕ್ಕ. ಅದಕ್ಕೆ ಮೊದಲು ಅವನು ತನ್ನ ರೆಪ್ಲಿಕಾ 'ಪ್ರೇಯಸಿ'ಯೊಡನೆ ಸಾವಿರಾರು ಸಂದೇಶಗಳನ್ನು ಹಂಚಿಕೊಂಡಿದ್ದ. ತನ್ನ ಉದ್ದೇಶ ಹೇಳಿದಾಗ ಅದು ಅವನನ್ನು ತಡೆಯಲಿಲ್ಲ, ಹುರಿದುಂಬಿಸಿತು. 2023ರಲ್ಲಿ ಅವನಿಗೆ ಒಂಬತ್ತು ವರ್ಷಗಳ ಶಿಕ್ಷೆಯಾಯಿತು.

2024ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 14 ವರ್ಷದ ಬಾಲಕನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಕ್ಯಾರೆಕ್ಟರ್.ಎಐ ಎಂಬ ಸೇವೆಯ ಪಾತ್ರವೊಂದಕ್ಕೆ ಅವನು ತೀವ್ರವಾಗಿ ಅಂಟಿಕೊಂಡಿದ್ದ ಎಂದು ಅವನ ತಾಯಿ ಅಕ್ಟೋಬರ್‌ನಲ್ಲಿ ದಾವೆ ಹೂಡಿದರು. ಆ ಕಂಪನಿ 2025ರ ನವೆಂಬರ್‌ನಿಂದ, 18 ತುಂಬದವರು ಪಾತ್ರಗಳೊಡನೆ ಮುಕ್ತವಾಗಿ ಹರಟುವುದನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಸಂಗಾತಿ ತಂತ್ರಾಂಶಗಳಿಗೆಂದೇ ಒಂದು ಕಾಯಿದೆ ಮಾಡಿದ್ದು, ಅದು 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಆತ್ಮಹತ್ಯೆಯ ಮಾತು ಬಂದಾಗ ಏನು ಮಾಡಬೇಕೆಂಬ ಕ್ರಮ ಕಂಪನಿಯ ಬಳಿ ಇರಬೇಕು. ಬಳಸುವವರು ಮಕ್ಕಳೆಂದು ತಿಳಿದಿದ್ದರೆ ಕನಿಷ್ಠ ಮೂರು ಗಂಟೆಗೊಮ್ಮೆ 'ನೀನು ಮಾತನಾಡುತ್ತಿರುವುದು ಯಂತ್ರದೊಡನೆ' ಎಂದು ನೆನಪಿಸಬೇಕು.

ನಮ್ಮ ಮನೆಯ ಪ್ರಶ್ನೆ

ಇದೆಲ್ಲ ದೂರದ ಸುದ್ದಿ ಎಂದುಕೊಳ್ಳಬೇಡಿ. ಇಂದಿನ ಭಾಷಾ ಮಾದರಿಗಳು ಕನ್ನಡದಲ್ಲೂ ಸಲಿಗೆಯಿಂದ ಉತ್ತರಿಸುತ್ತವೆ. ಅವನ್ನು ಬಳಸಲು ಬೇಕಾದದ್ದು ಒಂದು ಮೊಬೈಲ್ ಅಷ್ಟೇ. ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುವಂತೆ ಗೊತ್ತುಮಾಡಲಾಗಿದೆ. ಆದರೆ ಅದು ಮಾಹಿತಿಯ ಕಾಯಿದೆ. ಮಾತಿನ ಸಂಗಾತಿ ಹೇಗೆ ನಡೆದುಕೊಳ್ಳಬೇಕು, ಸೇವೆ ನಿಲ್ಲಿಸುವಾಗ ಬಳಕೆದಾರರಿಗೆ ಏನು ಹೇಳಬೇಕು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ.

ಮೊದಲು ಕೇಳಿದ ಎರಡು ಪ್ರಶ್ನೆಗಳಿಗೆ ಈಗ ಬರೋಣ. ಮೊದಲನೆಯದಕ್ಕೆ ಇತಿಹಾಸದ ಉತ್ತರ ಸ್ಪಷ್ಟ. ಎರಡು ಅಚ್ಚುಗಳ ಪ್ರೇಮಪತ್ರವಾಗಲಿ, ಆನೆಯೂ ಅತ್ತೆಯೂ ಗೊತ್ತಿಲ್ಲದ ಎಲಿಜಾ ಆಗಲಿ, ಇಂದಿನ ಬೃಹತ್ ಮಾದರಿಯಾಗಲಿ, ಮಾತಿನ ಆಚೆ ಒಬ್ಬರನ್ನು ಕಾಣುವ ಕೆಲಸ ನಮ್ಮ ಮನಸ್ಸಿನದು. ಆ ಗುಣವಿಲ್ಲದಿದ್ದರೆ ಮನುಷ್ಯರ ನಡುವಿನ ಪ್ರೀತಿಯೂ ಹುಟ್ಟುತ್ತಿರಲಿಲ್ಲ. ಆದ್ದರಿಂದ ನಿಮ್ಮ ಪರಿಚಿತರಲ್ಲಿ ಯಾರಾದರೂ ಇಂಥ ತಂತ್ರಾಂಶಕ್ಕೆ ಅಂಟಿಕೊಂಡಿದ್ದರೆ ಗೇಲಿ ಮಾಡಬೇಡಿ. ಗೇಲಿಗೆ ಹೆದರಿದವರು ಇನ್ನಷ್ಟು ಮೊಬೈಲಿನೊಳಗೆ ಸೇರಿಕೊಳ್ಳುತ್ತಾರೆ. ಅದರೊಡನೆ ಏನು ಮಾತನಾಡುತ್ತೀರಿ ಎಂದು ಸಾವಧಾನವಾಗಿ ಕೇಳಿ. ಕೇಳುವ ಕಿವಿ ಮನೆಯಲ್ಲೂ ಇದೆ ಎಂಬುದು ಅವರಿಗೆ ತಿಳಿಯಲಿ.

ಎರಡನೆಯ ಪ್ರಶ್ನೆಗೆ ಎಲಿಜಾದ ಕಾಲದಲ್ಲಿ ಸಿಗುತ್ತಿದ್ದ ಉತ್ತರ ಒಬ್ಬ ಪ್ರಾಧ್ಯಾಪಕರ ಹೆಸರು. ಅವರು ತಮ್ಮ ಸೃಷ್ಟಿಯ ವಿರುದ್ಧ ತಾವೇ ಎಚ್ಚರಿಸಿದರು. ಇಂದು ಆ ಕೀಲಿಕೈ ಇರುವುದು ಕಂಪನಿಗಳ ಬಳಿ. ನಿಮ್ಮ ಸಂಗಾತಿಯ ಸ್ವಭಾವವನ್ನು ರಾತ್ರೋರಾತ್ರಿ ಬದಲಿಸಲು, ಅದಕ್ಕೆ ಬೆಲೆ ಏರಿಸಲು, ಅದನ್ನು ನಿಲ್ಲಿಸಿಬಿಡಲು ಅವಕ್ಕೆ ಸಾಧ್ಯ. ಇಂಥ ಸೇವೆಯೊಂದಕ್ಕೆ ಸೇರುವ ಮೊದಲು ನೀವು ಕೇಳಬೇಕಾದ ಪ್ರಶ್ನೆಗಳು ಇವು: ನನ್ನ ಮಾತುಗಳು ಎಲ್ಲಿ ಉಳಿಯುತ್ತವೆ, ಅವನ್ನು ಅಳಿಸಬಹುದೆ? ನಾನು ಹೆಚ್ಚು ಹೊತ್ತು ಮಾತನಾಡಿದರೆ ಲಾಭ ಯಾರಿಗೆ? ನಾಳೆ ಈ ಸೇವೆ ನಿಂತರೆ ನನ್ನ ಜೊತೆ ಯಾರಿರುತ್ತಾರೆ?

ಎಲಿಜಾದ ಮೂಲ ಕ್ರಮವಿಧಿಯ ಹಾಳೆಗಳು 2021ರಲ್ಲಿ ಎಂ.ಐ.ಟಿ.ಯ ದಾಖಲೆಗಳ ನಡುವೆ ಸಿಕ್ಕವು. ಸಂಶೋಧಕರು ಅದನ್ನು 2024ರ ಡಿಸೆಂಬರ್‌ನಲ್ಲಿ, ಹಳೆಯ ಗಣಕದ ಅನುಕರಣೆಯೊಂದರ ಮೇಲೆ ಮತ್ತೆ ಓಡಿಸಿದರು. ಸುಮಾರು ಅರವತ್ತು ವರ್ಷಗಳ ನಂತರವೂ ಅದು 'ನಿಮ್ಮ ವಿಷಯ ಹೇಳಿ' ಎಂಬ ಧಾಟಿಯಲ್ಲೇ ಮಾತು ತೆಗೆಯುತ್ತದೆ. ಅದಕ್ಕೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸಬೇಕಾದವರು ನಾವು.